ಆಫ್ರಿಕಾದ ಜಾಲಿ

ಚೈತ್ರ ಮಾಸ, ಬುಧವಾರ, ಬೆಳಗ್ಗೆ ಎಂಟು ಗಂಟೆ. ಸ್ಥಳ, ಕಡೂರು ಕಡೆಯ ಬಯಲಿನಲ್ಲಿ ತಂಗಿ ಗಂಗಮ್ಮನ ರಾಗಿ ಹೊಲ. ಹಾಜರಿದ್ದವರು: ನಾನು, ತಮ್ಮ ರುದ್ರಪ್ಪ, ಕೊಡಲಿ ಹಿಡಿದ ಆಳು ಮಂಜ, ತಂಗಿ, ಅವಳ ಆಡುಗಳು. ಆಡುಗಳನ್ನೂ ಹಾಜರಿಯಲ್ಲಿ ಸೇರಿಸಿದ್ದೇನೆ. ಅಂದಿನ ತೀರ್ಮಾನದಲ್ಲಿ ಹೊಟ್ಟೆಯ ಸಂಬಂಧವಿದ್ದದ್ದು ಅವಕ್ಕೇ.

ರುದ್ರಪ್ಪನಿಗೆ ವಸ್ತಾರೆಯ ಬಳಿ ಕಾಫಿ ಎಸ್ಟೇಟಿದೆ. ಹಡಗು ಹತ್ತಿ ಬಂದದ್ದೆಲ್ಲ ಶ್ರೇಷ್ಠ ಎಂಬುದು ಅವನ ದೃಢ ನಂಬಿಕೆ. ಸಿಲ್ವರ್ ಓಕ್ ಆಸ್ಟ್ರೇಲಿಯಾದಿಂದ ಬಂದದ್ದು, ಆದ್ದರಿಂದ ತೋಟದಲ್ಲಿ ಅದಕ್ಕೆ ಅಳಿಯನ ಉಪಚಾರ. ನಾನೂ ಹಗ್ಗ ಹಿಡಿದು ಸಾಲಾಗಿ ನೆಟ್ಟವನೇ. ನೆಟ್ಟಗೆ ನಿಲ್ಲುವ ಯಾವುದನ್ನು ಕಂಡರೂ ನನಗೆ ಗೌರವ. ತಂಗಿಯ ಹೊಲದಲ್ಲಿದ್ದ ಜಾಲಿಯ ಅಪರಾಧವೆಂದರೆ ಯಾರೂ ಕರೆಯದೆ ಹುಟ್ಟಿದ್ದು, ಯಾರೂ ನೀರೆರೆಯದೆ ಬದುಕಿದ್ದು. ಇಂಥವರಿಗೆ ನಮ್ಮಲ್ಲಿ ಮರ್ಯಾದೆ ಇಲ್ಲ, ಮರವಾದರೂ ಅಷ್ಟೆ, ಮನುಷ್ಯರಾದರೂ ಅಷ್ಟೆ.

ಹೊಲ ತಂಗಿಯದು. ಅದನ್ನು ಉದ್ಧಾರ ಮಾಡುವ ಭಾರವನ್ನು ಮಾತ್ರ ರುದ್ರಪ್ಪ ತಾನೇ ಹೊತ್ತುಕೊಂಡಿದ್ದ. ಜಾಲಿಯನ್ನೆಲ್ಲ ಕಡಿಸಿ ಸಿಲ್ವರ್ ಓಕ್ ಹಾಕಿಸುವುದೆಂದು ಮಂಜನನ್ನು ಎಸ್ಟೇಟಿನಿಂದಲೇ ಕರೆತಂದಿದ್ದ.

"ಸಣ್ಣಣ್ಣ, ಬೇಸಿಗೇಲಿ ನನ್ನ ಆಡು ಬದುಕೋದು ಈ ಕಾಯಲ್ಲೇ. ಕಡಿಸಿದ್ರೆ ಅವನ್ನೂ ಮಾರ್ಬೇಕು," ಎಂದಳು ಗಂಗಮ್ಮ.

"ಆಡಿಗೋಸ್ಕರ ಹೊಲ ಹಾಳು ಮಾಡ್ಕೊಳ್ತಾರೇನೆ? ನೀನು ಹೊಡಿಯೋ ಮಂಜ."

ಮಂಜ ಹೊಡೆದ. ಜಾಲಿ ಕದಲಲಿಲ್ಲ. ಕೊಡಲಿಯ ಮರದ ಕಾವು ಲಟಕ್ಕೆಂದು ಎರಡಾಯಿತು. ಅದು ಎಸ್ಟೇಟಿನಲ್ಲೇ ಮಾಡಿಸಿದ ಸಿಲ್ವರ್ ಓಕಿನ ಕಾವು. ಆಡೊಂದು ಬಂದು ತುಂಡನ್ನು ಮೂಸಿ, ಬೇಡವೆಂದು ತಿರುಗಿ ಹೋಯಿತು.

ಕೆಲಸ ನಿಂತಾಗ ಮಾತಾಡುವುದು ನನ್ನ ನಿಯಮ. ನೇಗಿಲು, ಗಾಡಿಯ ಚಕ್ರ, ಬೇಲಿ, ಬೆಳಗಿನ ಹಲ್ಲುಕಡ್ಡಿ ಎಂದು ಜಾಲಿಯ ಉಪಕಾರವನ್ನು ವಿವರಿಸಿದೆ. ತಮ್ಮ ಬದುವಿಗೆ ಒರಗಿ ಆಕಳಿಸಿದ. ನಮ್ಮೂರಿನ ಸತ್ಯಕ್ಕೆ ನಮ್ಮೂರಿನ ಬಾಯಿ ಸಾಲದು. ಆಗ ಆಫ್ರಿಕಾದಲ್ಲಿದ್ದು ಬಂದ ಪಕ್ಕದ ಎಸ್ಟೇಟಿನ ಬಿಳಿಯ ದೊರೆ ಹೇಳಿದ್ದನ್ನು ತೆಗೆದೆ: ಅಲ್ಲಿನ ಒಣಭೂಮಿಯ ರೈತರು ಹೊಲದ ನಡುವಿನ ಒಂದು ಜಾತಿಯ ಜಾಲಿಯನ್ನು ಕಡಿಯುವುದಿಲ್ಲವಂತೆ. ಮಳೆಗಾಲದಲ್ಲಿ ಅದು ಎಲೆ ಉದುರಿಸಿ ಬೆಳೆಗೆ ಬಿಸಿಲು ಬಿಡುತ್ತದೆ, ಬೇಸಿಗೆಯಲ್ಲಿ ಚಿಗುರಿ ದನಕ್ಕೆ ನೆರಳು, ಕಾಯಿ ಎರಡನ್ನೂ ಕೊಡುತ್ತದೆ, ಬುಡದ ಮಣ್ಣಿನಲ್ಲಿ ಧಾನ್ಯ ಹುಲುಸಾಗುತ್ತದೆ. ನಮ್ಮ ಜಾಲಿಗೆ ಮಳೆಯಲ್ಲಿ ಬೋಳಾಗುವ ಆ ವಿದ್ಯೆ ಬಾರದು. ಉಳಿದ ಗುಣಗಳಲ್ಲಿ ಅದೇ ಮನೆತನ.

ರುದ್ರಪ್ಪ ಎದ್ದು ಕೂತ. "ದೊರೆಗಳೇ ಹೇಳಿದ್ರಾ?"

"ಅವರೇ."

"ಹಾಗಾದ್ರೆ ಆಫ್ರಿಕಾದಿಂದ ಬೀಜ ತರಿಸೋಣ ದೊಡ್ಡಣ್ಣ! ಈ ಕಾಡುಜಾಲಿ ತೆಗೆದು ಆ ಜಾಲಿ ಹಾಕೋಣ."

ನಾನು ಮುರಿದ ಕಾವಿನ ತುಂಡುಗಳನ್ನು ಎತ್ತಿಕೊಂಡೆ. ಗಂಗಮ್ಮ ಮಾತು ಎತ್ತಿಕೊಂಡಳು. "ಆಗ್ಲಿ ಸಣ್ಣಣ್ಣ. ಬೀಜ ಬಂದು, ಮೊಳೆತು, ಆಡಿಗೆ ಕಾಯಿ ಬಿಡ್ಲಿ. ಆ ದಿನವೇ ಇವನ್ನ ಕಡಿಸು. ನಾನೇ ಕೊಡಲಿ ತಂದುಕೊಡ್ತೀನಿ."

ದೊರೆಗಳ ಮರಕ್ಕೆ ಕಾಯುವುದು ಗೌರವದ ಕೆಲಸವಾದ್ದರಿಂದ ರುದ್ರಪ್ಪ ಒಪ್ಪಿದ. ಸಮುದ್ರದಲ್ಲಿ ಯುದ್ಧ ನಡೆಯುತ್ತಿತ್ತು. ಬೀಜ ಹೊತ್ತು ಯಾವ ಹಡಗು ಹೊರಟೀತೆಂದು ಅವನು ಕೇಳಲಿಲ್ಲ, ನಾವು ಹೇಳಲಿಲ್ಲ.

ತಂಗಿಯ ಮನೆಯಲ್ಲಿ ಊಟವಾಗಿ ಅವನು ಮಲಗಿದ. ಮುರಿದ ವಸ್ತುವನ್ನು ಮುರಿದಂತೆಯೇ ಮನೆಗೆ ಒಯ್ಯುವುದು ನನ್ನಿಂದಾಗದು. ಗಂಗಮ್ಮ ಅಟ್ಟದಿಂದ ಒಣಗಿದ ಜಾಲಿಯ ಕೊಂಬೆಯೊಂದನ್ನು ಇಳಿಸಿದಳು. ಮಂಜ ಅದರಿಂದ ಹೊಸ ಕಾವು ಕೆತ್ತಿದ, ನಾನು ನಿಂತು ನೇರ ನೋಡಿದೆ. ಸಂಜೆ ರುದ್ರಪ್ಪ ಎದ್ದು ಕೊಡಲಿಯನ್ನು ಕೈಯಲ್ಲಿ ತೂಗಿ, ನೆಲಕ್ಕೆ ಕುಟ್ಟಿ ನೋಡಿದ.

"ಏನ್ ಗಟ್ಟಿ ಮಾರಾಯ್ತಿ ಇದು! ಎಲ್ಲಿಂದ ತರಿಸ್ದೆ?"

"ಆಫ್ರಿಕಾದಿಂದ," ಎಂದಳು ಗಂಗಮ್ಮ.

ಅವನು ಗೌರವದಿಂದ ತಲೆಯಾಡಿಸಿದ. ನಾನು ಕೊಡಲಿಯನ್ನು ಗೋಣಿಯಲ್ಲಿ ಸುತ್ತಿ, ಬಿಗಿಯಾಗಿ ಕಟ್ಟಿ, ಗಾಡಿಯ ಅಡಿಯಲ್ಲಿಟ್ಟೆ. ಅಂದಿನ ಕೆಲಸ ಮುಗಿಯಿತು.