ಎರಡು ಬೆಳಗಿಗೆ ಒಂದೇ ಅಂಕಿ

"ಪಾದರಸದಮ್ಮ ಅಂತ ಕರೀತಾರೆ ನನ್ನ. ಕರೀಲಿ ಬಿಡು. ಆದ್ರೆ ಈ ಕೊಳವೇಲಿ ಪಾದರಸಾನೇ ಇಲ್ಲ, ಇರೋದು ಸ್ಪಿರಿಟ್ಟು. ಅದರೊಳಗೆ ನೋಡು, ಸೂಜಿಗಿಂತ ಚಿಕ್ಕದೊಂದು ಕಪ್ಪು ಕಡ್ಡಿ. ರಾತ್ರಿ ಚಳಿ ಏರಿದ ಹಾಗೆ ಸ್ಪಿರಿಟ್ಟು ಹಿಂದಕ್ಕೆ ಸರಿಯುತ್ತೆ, ಕಡ್ಡೀನೂ ಎಳ್ಕೊಂಡು ಹೋಗುತ್ತೆ. ಬಿಸಿಲು ಬಂದ್ರೆ ಸ್ಪಿರಿಟ್ಟು ಮುಂದಕ್ಕೆ ಬರುತ್ತೆ, ಕಡ್ಡಿ ಮಾತ್ರ ಮುನಿಸ್ಕೊಂಡ ಮಗು ಥರ ಅಲ್ಲೇ ಬಿದ್ದಿರುತ್ತೆ. ಎಲ್ಲಿ ಬಿದ್ದಿದೆಯೋ ಅದೇ ಆ ರಾತ್ರಿಯ ಕಡು ಚಳಿ. ಓದ್ಕೋಬೇಕು, ಬರ್ಕೋಬೇಕು, ಆಮೇಲೆ ಕೊಳವೆನ ಹೀಗೆ ಓರೆ ಮಾಡಿ, ಕಡ್ಡೀನ ಮತ್ತೆ ಸ್ಪಿರಿಟ್ಟಿನ ತುದಿಗೆ ತರಬೇಕು. ಮೂರು ಉಸಿರಿನ ಕೆಲಸ. ಮರೆತ್ಯಾ? ನಾಳೇನೂ ಅದು ಇವತ್ತಿನ ಕಥೇನೇ ಹೇಳುತ್ತೆ. ಸುಳ್ಳು ಹೇಳೋ ಮುಖ ಅಲ್ಲ ನೋಡು ಅದರದ್ದು, ಅದಕ್ಕೇ ನಾವು ನಂಬಿಬಿಡ್ತೀವಿ."

ಪೆಟ್ಟಿಗೆ ನೋಡಲು ಬಂದವರಿಗೆಲ್ಲ ಅವಳು ಇಷ್ಟನ್ನು ಹೇಳುತ್ತಿದ್ದಳು. ಇದಕ್ಕಿಂತ ಒಂದು ಮಾತೂ ಹೆಚ್ಚಿಗೆ ಹೇಳುತ್ತಿರಲಿಲ್ಲ.

ಪೆಟ್ಟಿಗೆ ಇದ್ದದ್ದು ಅವಳ ಮನೆಯ ಹಿತ್ತಲಲ್ಲಿ. ನಾಲ್ಕು ಕಾಲಿನ ಮೇಲೆ ನಿಂತ ಬಿಳಿ ಪೆಟ್ಟಿಗೆ, ಗಾಳಿಯಾಡಲೆಂದು ಸುತ್ತ ಓರೆಯಾಗಿ ಜೋಡಿಸಿದ ಮರದ ಪಟ್ಟಿ. ಇಪ್ಪತ್ತಾರು ವರ್ಷಗಳಿಂದ ಬೆಳಿಗ್ಗೆ ಆರೂವರೆಗೆ ಅದರ ಬಾಗಿಲು ತೆಗೆದು, ಅಂಕಿ ಓದಿ, ಹವಾಮಾನ ಇಲಾಖೆಯ ವಲಯ ಕಚೇರಿಗೆ ಫೋನು ಮಾಡುತ್ತಿದ್ದಳು. ಕಡಲ ದಂಡೆಯ ಉದ್ದಕ್ಕೂ ಇಂಥ ಏಳು ಪೆಟ್ಟಿಗೆಗಳಿದ್ದವು. ಏಳರ ಅಂಕಿಗಳನ್ನೂ ಒಟ್ಟಿಗೆ ನೋಡಿ ಕಚೇರಿಯವರು ಅಂದಿನ ಮುನ್ಸೂಚನೆ ಬರೆಯುವರು. ಅರ್ಧ ಗಂಟೆಯೊಳಗೆ ಅದು ಕೆಳಗೆ ದೋಣಿ ಕಟ್ಟುವ ಧಕ್ಕೆಯ ಕಪ್ಪು ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಮೂಡುತ್ತಿತ್ತು. ದೋಣಿಯವರು ಅದನ್ನು ಓದಿಯೇ ಹಗ್ಗ ಬಿಚ್ಚುವುದು. ಅತಿ ಚಳಿಯ ಮುಂಜಾನೆ ಬೆಚ್ಚಗಿನ ಕಡಲಿನ ಮೇಲೆ ತಣ್ಣನೆ ಗಾಳಿ ಹಾದರೆ ನೀರಿನಿಂದ ಹೊಗೆ ಏಳುತ್ತದೆ. ಆ ಹೊಗೆಯಲ್ಲಿ ಸಿಕ್ಕಿದವನಿಗೆ ತನ್ನ ಕೈ ತನಗೇ ಕಾಣುವುದಿಲ್ಲ.

ಹನ್ನೊಂದು ವರ್ಷದ ಹಿಂದೆ ಇಂಥದೇ ಚಳಿ ಹಿಡಿದಿತ್ತು. ಒಂದು ಬೆಳಿಗ್ಗೆ ಓದಿದಳು, ಬರೆದಳು, ಓರೆ ಮಾಡಲು ಮರೆತಳು. ಮರುದಿನವೂ ಕಡ್ಡಿ ಅಲ್ಲೇ ಬಿದ್ದಿತ್ತು. ಅದೇ ಅಂಕಿಯನ್ನು ಕಚೇರಿಗೆ ಹೇಳಿದಳು. ಚಳಿ ಮುಂದುವರಿಯುತ್ತದೆ, ಹೊಗೆ ಏಳುತ್ತದೆ, ದೋಣಿ ಬಿಡಬೇಡಿ ಎಂದು ಹಲಗೆ ಹೇಳಿತು. ಹೊಗೆಯೂ ಇಲ್ಲ, ಗಿಗೆಯೂ ಇಲ್ಲ! ಕಡಲು ಕನ್ನಡಿಯಂತೆ ಮಲಗಿತ್ತು. ಕೆಲಸ ಕೆಟ್ಟ ದೋಣಿಯವರು ದಿನವಿಡೀ ಧಕ್ಕೆಯ ಮೇಲೆ ಕುಳಿತು ಅವಳ ಹೆಸರು ಹಿಡಿದು ನಕ್ಕರು. ಮಧ್ಯಾಹ್ನ ಪಾತ್ರೆ ತೊಳೆಯುತ್ತಿದ್ದಾಗ ಅವಳಿಗೆ ಥಟ್ಟನೆ ನೆನಪಾಯಿತು. ಒದ್ದೆ ಕೈಯಲ್ಲೇ ಫೋನು ಎತ್ತಿಕೊಂಡಳು. ಎತ್ತಿದವಳು ಹಾಗೇ ಇಟ್ಟುಬಿಟ್ಟಳು.

ಮೂರನೆಯ ದಿನ ಕಡ್ಡಿ ಇನ್ನೂ ಕೆಳಗಿಳಿದಿತ್ತು. ಈ ಸಲ ನಿಜವಾಗಿ. ದೋಣಿ ನಡೆಸುತ್ತಿದ್ದ ಅವಳ ತಮ್ಮ ಹಿತ್ತಲ ಬೇಲಿಯಾಚೆ ನಿಂತು ಹಲ್ಲು ಕಿರಿದ.

"ಇವತ್ತು ಹೋಗ್ಬೇಡ ಕಣೋ. ಇವತ್ತಿಂದು ನಿಜ."

"ನಿನ್ನೇದೂ ನಿಜ ಅಂತಾನೇ ಅಂದಿದ್ದೆ. ಕಡ್ಡಿ ಓರೆ ಮಾಡಿದ್ಯಾ ಅಕ್ಕಾ, ಇಲ್ಲಾ ಅಲ್ಲೇ ನಿದ್ದೆ ಹೊಡೀತಿದೆಯಾ?"

ಅವನು ಆಡಿದ್ದು ತಮಾಷೆಗೆ. ನಿನ್ನೆಯದು ನನ್ನ ತಪ್ಪು ಎಂದು ಒಂದು ಮಾತು ಹೇಳಿದ್ದರೆ ಅವನು ನಿಲ್ಲುತ್ತಿದ್ದ. ಅವಳು "ಮಾಡಿದ್ದೀನಿ ಹೋಗೋ" ಎಂದು ರೇಗಿದಳು. ಅವನು ಹೋದ. ಎರಡು ದಿನದ ಮೇಲೆ ಬಂಡೆಯ ಬಳಿ ದೋಣಿಯ ಹಲಗೆಗಳು ಸಿಕ್ಕವು. ಅವನು ಸಿಗಲಿಲ್ಲ.

ಅಂದಿನಿಂದ ದಿನವೂ ಪೆಟ್ಟಿಗೆಯ ಬಾಗಿಲು ಮುಚ್ಚಿ ನಾಲ್ಕು ಹೆಜ್ಜೆ ಬರುವಷ್ಟರಲ್ಲಿ ಬೇಲಿಯ ಕಡೆಯಿಂದ ಅದೇ ಮಾತು ಕೇಳಿಸುತ್ತಿತ್ತು. "ಓರೆ ಮಾಡಿದ್ಯಾ ಅಕ್ಕಾ?" ಕೋಪದ ದನಿಯಲ್ಲ, ಅದೇ ಹಲ್ಲು ಕಿರಿಯುವ ದನಿ. ಅವಳು ತಿರುಗಿ ಹೋಗಿ ಬಾಗಿಲು ತೆಗೆದು ನೋಡುವಳು. ಕಡ್ಡಿ ಸರಿಯಾಗೇ ಇರುತ್ತಿತ್ತು. ಬೇಲಿಯಾಚೆ ಹಸಿ ನೆಲ, ಹೆಜ್ಜೆಯ ಗುರುತಿಲ್ಲ.

ತಮ್ಮನ ಹೆಂಡತಿ ಆಮೇಲೆ ಅವಳ ಜೊತೆಗೇ ಬಂದು ಇದ್ದಳು. ಅಳಿವೆಯ ಆಚೆ ದಡದ ಆಸ್ಪತ್ರೆಯಲ್ಲಿ ಬಟ್ಟೆ ಇಸ್ತ್ರಿ ಮಾಡುವ ಕೆಲಸ, ದಿನಾ ಎಂಟರ ದೋಣಿ. ಒಂದೇ ಒಲೆಯಲ್ಲಿ ಅಡುಗೆ, ಒಂದೇ ಹಗ್ಗದ ಮೇಲೆ ಇಬ್ಬರ ಬಟ್ಟೆ. ಅಂದಿನದು ನನ್ನ ತಪ್ಪು ಎಂಬ ಆ ಒಂದು ಮಾತನ್ನು ಮಾತ್ರ ಪಾದರಸದಮ್ಮ ಹನ್ನೊಂದು ವರ್ಷ ಅವಳಿಗೂ ಹೇಳಲಿಲ್ಲ.

ಈ ಸಲದ ಚಳಿಗೆ ಐದನೆಯ ದಿನ. ಪಾದರಸದಮ್ಮ ಬಾಗಿಲು ತೆಗೆದು ಕನ್ನಡಕ ಒರೆಸಿ ನೋಡಿದಳು. ಎರಡು ಪಾಯಿಂಟ್ ನಾಲ್ಕು. ಪುಸ್ತಕ ತೆರೆದಳು. ನಿನ್ನೆಯದೂ ಎರಡು ಪಾಯಿಂಟ್ ನಾಲ್ಕು.

ನಿನ್ನೆ ಬೆಳಗನ್ನು ಒಂದೊಂದಾಗಿ ಬಿಚ್ಚಿ ನೋಡಿಕೊಂಡಳು. ಬಾಗಿಲು ತೆಗೆದದ್ದು ಹೌದು. ಓದಿದ್ದು ಹೌದು. ಬರೆಯುತ್ತಿದ್ದಾಗ ಒಳಗಿನಿಂದ "ಅಕ್ಕಾ, ಹಾಲು ಉಕ್ತಿದೆ, ನನ್ನ ಕೈ ಸೋಪು!" ಎಂದು ಕೂಗು ಬಂತು, ಓಡಿದಳು. ಓಡುವ ಮುಂಚೆ ಓರೆ ಮಾಡಿದಳೇ? ಕೈಗೇ ನೆನಪಿಲ್ಲ. ನಿನ್ನೆ ಬೇಲಿಯ ಕಡೆಯ ದನಿಯೂ ಕೇಳಿಸಿರಲಿಲ್ಲ. ಎರಡನೆಯ ಸಲ ಹೋಗಿ ನೋಡಿರಲೂ ಇಲ್ಲ.

ಫೋನಿನಲ್ಲಿ ಕಚೇರಿಯ ಹುಡುಗಿ, "ಹೇಳಿ ಅಮ್ಮ, ಎಷ್ಟು? ನಿಮ್ಮದೊಂದೇ ಬಾಕಿ" ಎಂದಳು.

ತಮ್ಮನ ಹೆಂಡತಿ ತಲೆಗೆ ಶಾಲು ಸುತ್ತಿಕೊಂಡು, ಊಟದ ಡಬ್ಬಿ ಹಿಡಿದು ಹೊಸ್ತಿಲಲ್ಲಿ ನಿಂತಿದ್ದಳು. "ಏನಕ್ಕ, ಹೊಗೆ ಏಳುತ್ತಾ ಇವತ್ತು? ದೋಣಿಗೆ ಹೋಗ್ಲಾ ಬೇಡ್ವಾ? ನೀವು ಹೇಳಿದ್ರೆ ಆಯ್ತು, ನನಗೆ ಹಲಗೆ ಬೇಕಾಗಿಲ್ಲ."

ಪಾದರಸದಮ್ಮ ನಂಬಿ ನಿಂತ ಆ ಮುಖ ನೋಡಿದಳು. ಅಂಕಿ ಸುಳ್ಳಾದರೆ ಹಲಗೆಯನ್ನು ಮತ್ತೆ ಯಾರೂ ನಂಬುವುದಿಲ್ಲ. ನಿಜವಾಗಿದ್ದು ಮುಚ್ಚಿಟ್ಟರೆ ಇವಳೇ ದೋಣಿಯಲ್ಲಿರುತ್ತಾಳೆ.

"ಎರಡು ಪಾಯಿಂಟ್ ನಾಲ್ಕು ಕಣಮ್ಮ. ನಿನ್ನೇದೂ ಅದೇ. ನಿನ್ನೆ ಓರೆ ಮಾಡಿದ್ನೋ ಇಲ್ವೋ ನೆನಪಿಲ್ಲ. ಹಾಗಂತಲೇ ಬರ್ಕೊ" ಎಂದಳು ಫೋನಿನಲ್ಲಿ.

"ಅನುಮಾನ ಅಂತ ಗುರುತು ಹಾಕ್ಲಾ? ನಿಮ್ಮ ಪಟ್ಟೀಲಿ ಆ ಗುರುತೇ ಇಲ್ವಲ್ಲ ಅಮ್ಮ, ಇಷ್ಟು ವರ್ಷದಲ್ಲಿ!"

"ಹಾಕು. ಒಂದು ಸಲ ಬರಬೇಕಿತ್ತು ಅದು. ಬರಲಿಲ್ಲ."

ಫೋನು ಇಟ್ಟಳು. ಹೊಸ್ತಿಲಿಂದ ಮೆಲ್ಲನೆ ಪ್ರಶ್ನೆ ಬಂತು. "ಯಾವಾಗ ಬರಬೇಕಿತ್ತು?"

ಪಾದರಸದಮ್ಮ ಗೋಡೆ ನೋಡುತ್ತ ಹೇಳಿದಳು. ಮರೆತದ್ದು, ಫೋನು ಎತ್ತಿ ಇಟ್ಟದ್ದು, ತಮ್ಮನ ಮೇಲೆ ರೇಗಿದ್ದು. ಹನ್ನೊಂದು ವರ್ಷದ್ದು ಒಲೆಯ ಮೇಲಿನ ಚಹಾ ಕುದಿಯುವಷ್ಟರಲ್ಲಿ ಮುಗಿದುಹೋಯಿತು.

ತಮ್ಮನ ಹೆಂಡತಿ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಹೊಸ್ತಿಲ ಮೇಲೆ ಕುಳಿತಳು. ಕುಳಿತಲ್ಲಿಂದಲೇ ಅಂದಳು, "ಅವತ್ತು ಅವರು ಒಳಗೆ ಬಂದು, 'ಅಕ್ಕನ ಕಡ್ಡಿ ಸಿಕ್ಕಾಕ್ಕೊಂಡಿದೆ ಕಣೇ' ಅಂದ್ರು. ನಾನು ನಕ್ಕೆ. ನಕ್ಕೊಂಡೇ ಡಬ್ಬಿ ಕಟ್ಟಿಕೊಟ್ಟೆ." ಆಮೇಲೆ, "ನನಗೆ ಹೇಳ್ಬಹುದಿತ್ತು ನೀವು" ಎಂದಳು.

ಧಕ್ಕೆಯ ಹಲಗೆಯಲ್ಲಿ ಅಂದು, ಇಲ್ಲಿನ ಅಂಕಿ ಅನುಮಾನ, ಅಕ್ಕಪಕ್ಕದ ಅಂಕಿ ಇಳಿದಿದೆ, ಬಿಸಿಲು ಏರುವ ತನಕ ಕಾಯಿರಿ ಎಂದಿತ್ತು. ದೋಣಿಯವನು ಗೊಣಗಿಕೊಂಡೇ ಕಾದ. ಎಂಟಕ್ಕೆ ಸರಿಯಾಗಿ ನೀರಿನಿಂದ ಹೊಗೆ ಎದ್ದಿತು. ಮೊದಲು ಮೊಣಕಾಲೆತ್ತರ, ನೋಡನೋಡುತ್ತ ಆಳೆತ್ತರ. ಧಕ್ಕೆಯ ಕಂಬಗಳು ಒಂದೊಂದಾಗಿ ಮಾಯವಾದವು. ಕಟ್ಟಿದ ದೋಣಿಯ ಹಾರ್ನು ಮತ್ತೆ ಮತ್ತೆ ಕೂಗುತ್ತಿತ್ತು. ಇಬ್ಬರೂ ಕಿಟಕಿಯ ಹತ್ತಿರ ನಿಂತು ಕೇಳಿದರು. ಕೊನೆಗೆ ತಮ್ಮನ ಹೆಂಡತಿ ಶಾಲು ಬಿಚ್ಚಿ, ಡಬ್ಬಿಯನ್ನು ಗೂಡಿನಲ್ಲಿಟ್ಟಳು. ಪಾದರಸದಮ್ಮ ಹಿತ್ತಲಿಗೆ ಹೋಗಿ ಕೊಳವೆಯನ್ನು ಓರೆ ಮಾಡಿ ಬಂದಳು.

ಮರುದಿನ ಆರೂವರೆ. ಚಳಿ ಒಂದಿಷ್ಟು ಸಡಿಲಿಸಿತ್ತು, ಮೂರು ಪಾಯಿಂಟ್ ಒಂದು. ಪಾದರಸದಮ್ಮ ಬರೆದುಕೊಂಡಳು.

"ಓರೆ ಮಾಡಿದ್ರಾ ಅಕ್ಕಾ?"

ಅವಳು ತಿರುಗಿ ನೋಡಿದಳು. ದನಿ ಬಂದದ್ದು ಬೇಲಿಯಿಂದಲ್ಲ. ಅಡುಗೆಮನೆಯ ಕಿಟಕಿಯಲ್ಲಿ ತಮ್ಮನ ಹೆಂಡತಿ ಹಾಲಿನ ಪಾತ್ರೆ ಹಿಡಿದು, ರೆಪ್ಪೆ ಮಿಟುಕಿಸದೆ ನೋಡುತ್ತಿದ್ದಳು. ಬೇಲಿಯ ಕಡೆಯ ದನಿಯ ವಿಷಯ ಅವಳಿಗೆ ಯಾರೂ ಹೇಳಿರಲಿಲ್ಲ.

"ಮಾಡ್ತಿದ್ದೀನಿ" ಎಂದಳು ಪಾದರಸದಮ್ಮ, ಕಿಟಕಿಗೋ ಬೇಲಿಗೋ.

ಕೊಳವೆಯನ್ನು ಓರೆ ಮಾಡಿದಳು. ಕಡ್ಡಿ ಮೆಲ್ಲನೆ ಜಾರಿ ಸ್ಪಿರಿಟ್ಟಿನ ತುದಿಗೆ ಹೋಗಿ ನಿಂತಿತು. ಗಾಳಿಯ ತೇವ ಅಳೆಯುವ ಪಕ್ಕದ ಇನ್ನೊಂದು ಕೊಳವೆಗೆ ಸುತ್ತಿದ್ದ ಒದ್ದೆ ಬತ್ತಿಯನ್ನು ಮುಟ್ಟಿ ನೋಡಿದಳು. ಅದರ ಕೆಳಗಿನ ಬಟ್ಟಲಲ್ಲಿ ನೀರು ತಳ ಕಂಡಿತ್ತು. ಹಳೆಯ ನೀರು ಚೆಲ್ಲಿ, ಬಟ್ಟಲನ್ನು ಸೆರಗಿನಿಂದ ಒರೆಸಿ, ಚೊಂಬಿನಿಂದ ಹೊಸ ನೀರು ಹುಯ್ಯತೊಡಗಿದಳು.