ಯುಪಿಎಸ್ ತರಲು ಹೋಗಿದ್ದೆ, ಈರಣ್ಣ ಸಿಕ್ಕ

ಸತ್ತವನ ಮನೆಗೆ ಮಾತಾಡಿಸಲು ಹೋದಾಗ ಸತ್ತವನೇ ಒಳಗಿನಿಂದ "ಯಾರು ಬಂದಾರ?" ಎಂದು ಕೇಳಿದರೆ ನೀವೇನು ಮಾಡುತ್ತೀರಿ?

ನಾನು ರಸ್ತೆಯ ಬಗ್ಗೆ ಮಾತಾಡಿದೆ.

ಇರಲಿ, ಮೊದಲಿನಿಂದ ಹೇಳುತ್ತೇನೆ. ನನ್ನ ಹುಚ್ಚು ನಿಮಗೆ ಗೊತ್ತೇ ಇದೆ. ರಿಟೈರ್ ಆದ ಮೇಲೆ ಗದಗಿಗೆ ಅಂಟಿಕೊಂಡ ಬೆಟಗೇರಿಯ ನಮ್ಮ ಮನೆಯ ಮಾಳಿಗೆ ಕೋಣೆಯಲ್ಲಿ ಸೋಲ್ಡರಿಂಗ್ ಹೊಗೆ ಕುಡಿಯುತ್ತ ಕೂರುವುದು. ಅದಕ್ಕೆ ಬೇಕಾದ ಕಚ್ಚಾ ಮಾಲು ಹಳೆಯ ಯುಪಿಎಸ್. ಕರೆಂಟು ಹೋದಾಗ ಕಂಪ್ಯೂಟರ್ ಆರದಂತೆ ಕಾಯುತ್ತದಲ್ಲ, ಆ ಡಬ್ಬಿ. ಬ್ಯಾಟರಿ ಸತ್ತರೆ ಜನ ಇಡೀ ಡಬ್ಬಿಯೇ ಸತ್ತಿತೆಂದು ಮೂಲೆಗೆ ತಳ್ಳುತ್ತಾರೆ. ಬಿಚ್ಚಿ ನೋಡಿದರೆ ಟ್ರಾನ್ಸ್‌ಫಾರ್ಮರ್, ರಿಲೇ, ಫ್ಯಾನು ಎಲ್ಲ ಗಟ್ಟಿಮುಟ್ಟು. ಗುಜರಿ ರೇಟಿಗೆ ಸಿಕ್ಕರೆ ನನಗೆ ಹಬ್ಬ. (ಹೊಸದನ್ನೇ ತಂದು ಬಿಚ್ಚಿದರೆ ಮನೆಯಲ್ಲಿ ಏನಾಗುತ್ತದೆ ಎಂಬುದನ್ನು ಇಲ್ಲಿ ಬರೆಯುವುದು ಬೇಡ.)

ಮುಂಡರಗಿಯಲ್ಲಿ ಸೈಬರ್ ಸೆಂಟರ್ ಮುಚ್ಚಲಿ, ಶಿರಹಟ್ಟಿಯಲ್ಲಿ ಝೆರಾಕ್ಸ್ ಅಂಗಡಿ ಬಾಗಿಲು ಹಾಕಲಿ, ನನಗೆ ಫೋನ್ ಬರುತ್ತದೆ. ಬೇರೆಯವರ ಅಂಗಡಿ ಮುಚ್ಚಿದರೆ ಖುಷಿಪಡುವ ಮನುಷ್ಯ ನಾನು. ಇದು ಒಳ್ಳೆಯ ಲಕ್ಷಣವಲ್ಲ ಎಂದು ಆಗಲೇ ತಿಳಿಯಬೇಕಿತ್ತು.

ಈ ಸಲ ಫೋನ್ ಮಾಡಿದ್ದು ಲಕ್ಷ್ಮೇಶ್ವರದ ಮಾಬುಸಾಬ. ಮಿಕ್ಸರ್, ಫ್ಯಾನ್ ರಿಪೇರಿ ಮಾಡುತ್ತಾನೆ.

"ಸರ, ಈರಣ್ಣಾರ ಮನ್ಯಾಗ ದೊಡ್ಡ ಯುಪಿಎಸ್ ಐತ್ರಿ. ಆಕ್ಸಿಜನ್ ಮಷೀನಿಗೆ ಹಚ್ಚಿದ್ರಲ್ಲ, ಅದು. ಈಗ ಮಷೀನ್ ಬಂದ್ ಆಗೈತಿ. ಇದು ಸುಮ್ನ ಕುಂತೈತಿ. ಜಲ್ದಿ ಬರ್ರಿ, ಬ್ಯಾರೆಯವ್ರು ಒಯ್ದಾರು."

ಈರಣ್ಣ ಯಾರೋ ಅಲ್ಲ. ಆಫೀಸಿನಲ್ಲಿ ವರ್ಷಗಟ್ಟಲೆ ನನ್ನ ಪಕ್ಕದ ಟೇಬಲ್ಲಿನವನು. ಬೆಟಗೇರಿಯ ನೇಕಾರರ ಮನೆಯ ಹುಡುಗ, ನಿವೃತ್ತಿಯಾದ ಮೇಲೆ ಹೆಂಡತಿಯ ಊರು ಲಕ್ಷ್ಮೇಶ್ವರ ಸೇರಿದ. ಶ್ವಾಸಕೋಶದ ತೊಂದರೆಯಾಗಿ ಮನೆಯಲ್ಲೇ ಆಕ್ಸಿಜನ್ ಮೇಲಿದ್ದಾನೆ ಎಂಬ ಖಬರು ನನಗೆ ತಿಂಗಳುಗಳ ಹಿಂದೆಯೇ ಬಂದಿತ್ತು. ಒಮ್ಮೆ ಫೋನ್ ಮಾಡಿದ್ದೆ. ಎಂಗೇಜ್ ಬಂತು. ನಮ್ಮ ಕರ್ತವ್ಯ ಮುಗಿಯಿತಲ್ಲ?

ಮಷೀನ್ ಬಂದ್ ಆಯಿತು ಎಂದರೆ ಈರಣ್ಣ ಹೋದ. ನಾನು ಹಾಗೆಯೇ ತಿಳಿದೆ. ಯಾವಾಗ, ಹೇಗೆ ಎಂದು ಮಾಬುಸಾಬನನ್ನು ಕೇಳಲಿಲ್ಲ. ಕೇಳಿದ್ದು ಡಬ್ಬಿಯ ತಾಕತ್ತೊಂದನ್ನೇ: "ಎಷ್ಟು ಕೆವಿಎ ಐತಿ?"

ಬಸ್ಸಿನಲ್ಲಿ ದುಃಖಪಟ್ಟೆ. ಅರ್ಧ ದಾರಿಯ ಮುಳಗುಂದ ಬರುವವರೆಗೆ. ಆಮೇಲೆ ಆ ಡಬ್ಬಿಯಿಂದ ಏನೇನು ಮಾಡಬಹುದು ಎಂದು ಯೋಚಿಸುತ್ತ ಕೂತೆ. ಹೆಗಲ ಚೀಲದಲ್ಲಿ ಸ್ಕ್ರೂಡ್ರೈವರ್ ಇತ್ತು, ಮಲ್ಟಿಮೀಟರ್ ಇತ್ತು. ಒಂದು ಡಜನ್ ಬಾಳೆಹಣ್ಣು ಇರಲಿಲ್ಲ.

ಈರಣ್ಣನ ಹೆಂಡತಿ ನೀಲಮ್ಮ ಕಟ್ಟೆಯ ಮೇಲೆ ಶೇಂಗಾ ಸುಲಿಯುತ್ತಿದ್ದರು. ಹಣೆಯಲ್ಲಿ ಕುಂಕುಮವಿತ್ತು. ಅದನ್ನಾದರೂ ನೋಡಬೇಕಿತ್ತು. ನಾನು ತಲೆ ತಗ್ಗಿಸಿದ್ದೆ, ಶೋಕಕ್ಕೆ.

"ಬಾಳ ಕೆಟ್ಟ ಆತ್ರಿ ಅಕ್ಕಾರ" ಎಂದೆ.

"ಏನು ಕೆಟ್ಟ ಆತ್ರಿ ಅಣ್ಣಾರ?"

ಆಗಲೇ ಒಳಗಿನಿಂದ ಆ ದನಿ. "ಯಾರು ಬಂದಾರ?"

"ರಸ್ತೆ ಅಂದ್ನಿ... ಗದಗಿನ ರಸ್ತೆ ಬಾಳ ಕೆಟ್ಟ ಆಗೈತ್ರಿ" ಎಂದೆ.

ಈರಣ್ಣ ಹೊರಗೆ ಬಂದ. ಸೊರಗಿದ್ದ, ಅಂಗಿ ದೊಡ್ಡದಾಗಿತ್ತು. ಆದರೆ ತನ್ನ ಕಾಲ ಮೇಲೆ ತಾನು ನಿಂತಿದ್ದ. ನನ್ನನ್ನು ನೋಡಿದ್ದೇ ಮುಖ ಅರಳಿತು.

"ಲೇ, ನೀನ! ನೀಲವ್ವಾ, ನೋಡಿಲ್ಲೆ, ಗದಗಿಂದ ಬಂದಾನ! ಆಫೀಸಿನವ್ರು ಒಬ್ಬರೂ ಬಂದಿಲ್ಲ ಅಂತಿದ್ದೆಲ್ಲ, ಈಗೇನಂತಿ?"

ಆರಾಮಾಗಿದ್ದಾನಂತೆ. ಮಷೀನ್ ಬೇಡ ಎಂದರಂತೆ ಡಾಕ್ಟರು. ಬಾಡಿಗೆಯ ಮಷೀನನ್ನು ವಾಪಸ್ ಕೊಟ್ಟಾಗಿತ್ತು.

ಒಳಗೆ ಕೂರಿಸಿದ. ಮಂಡಕ್ಕಿ ಸೂಸಲ ಬಂತು, ಚಹಾ ಬಂತು. ಬೆಟಗೇರಿಯ ತಮ್ಮನಿಗೆ ಫೋನ್ ಹಚ್ಚಿ ಸ್ಪೀಕರ್‌ನಲ್ಲಿಟ್ಟ. "ನನ್ನ ನೋಡಾಕಂತನ ಬಸ್ ಹತ್ತಿ ಬಂದಾನೋ. ಮಾತಾಡು." ನಾನು ಮಾತಾಡಿದೆ. ಏನು ಮಾತಾಡಿದೆನೋ ದೇವರಿಗೇ ಗೊತ್ತು. ಮಂಚದ ಕೆಳಗೆ ಯುಪಿಎಸ್ ಕಾಣುತ್ತಿತ್ತು. ಆ ಹೊತ್ತಿನಲ್ಲೂ ನನ್ನ ಕಣ್ಣು ಅದರ ಲೇಬಲ್ ಓದುತ್ತಿತ್ತು. ನಾಚಿಕೆ ಬಂದರೆ ಕಣ್ಣು ಮುಚ್ಚುತ್ತದೆ ಎಂದು ಯಾರು ಹೇಳಿದ್ದು?

ಅವನು ಮುಖ ತೊಳೆಯಲು ಹಿತ್ತಲಿಗೆ ಹೋದ. ಅಷ್ಟರಲ್ಲಿ ಮಾಬುಸಾಬ ಬಾಗಿಲಲ್ಲಿ ಬಂದು ನಿಂತ.

"ಬಂದ್ರ್ಯಾ ಸರ? ಯುಪಿಎಸ್ ನೋಡಿದ್ರಿ? ಕೊಡ್ತಾರಂತೇನು?"

ನೀಲಮ್ಮನ ಕೈಯಲ್ಲಿದ್ದ ತಟ್ಟೆ ಹಾಗೆಯೇ ನಿಂತಿತು. ಅವರು ನನ್ನ ಚೀಲ ನೋಡಿದರು. ಆಮೇಲೆ ನನ್ನನ್ನು ನೋಡಿದರು.

"ಮತ್ತ ಬಾ ಮಾಬುಸಾಬ" ಎಂದು ಅವನನ್ನು ಕಳಿಸಿ ಮೆಲ್ಲಗೆ ಕೇಳಿದರು. "ಕೆಟ್ಟ ಆತು ಅಂದಿದ್ದು ರಸ್ತೆಗಲ್ಲ. ಹೌದಲ್ರಿ?"

ನಾನು ಚೀಲವನ್ನು ಕಾಲ ಹಿಂದೆ ಸರಿಸಿದೆ.

"ಅವ್ರಿಗೆ ಹೇಳಬ್ಯಾಡ್ರಿ. ನೋಡಾಕ ಬಂದೀರಂತ ಬಾಳ ಖುಷಿ ಆಗ್ಯಾರ."

ಬೈದಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು! ಬೈದಿದ್ದರೆ ಎದ್ದು ಬರಬಹುದಿತ್ತು. ಕೂತು ಊಟ ಮಾಡಬೇಕಾಯಿತು. ನೀಲಮ್ಮ ಕೇಳಿ ಕೇಳಿ ರೊಟ್ಟಿ ಬಡಿಸಿದರು. ಪಲ್ಯ ಹೇಗಿತ್ತು ಎಂದು ನೆನಪಿಲ್ಲ.

ಹೊರಡುವಾಗ ಈರಣ್ಣ ತಾನೇ ಮಂಚದ ಕಡೆ ಕೈ ತೋರಿಸಿದ. "ನಿನಗ ಇಂಥಾವು ಹುಚ್ಚಲ್ಲ? ನೆನಪೈತಿ ನನಗ. ಇದನ್ನ ಒಯ್ಯಿ. ರೊಕ್ಕದ ಮಾತು ಆಡಬ್ಯಾಡ ಮತ್ತ."

ಬೇಡ ಎನ್ನಬೇಕಿತ್ತು. ನೀಲಮ್ಮ ನನ್ನನ್ನೇ ನೋಡುತ್ತಿದ್ದರು. ಬೇಡ ಎಂದರೆ ಅವನಿಗೆ ಅನುಮಾನ ಬಂದೀತು ಎಂದು ನನಗೆ ನಾನೇ ಹೇಳಿಕೊಂಡೆ. (ಎಂಥ ಲಾಯರು ನೋಡಿ ನಮ್ಮೊಳಗೆ ಕೂತಿರುವುದು!) ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿ ಎತ್ತಿಕೊಂಡೆ.

ಈರಣ್ಣ ಬಸ್‌ಸ್ಟ್ಯಾಂಡಿನವರೆಗೂ ಬಂದ. ಬೇಡವೆಂದರೂ ಕೇಳಲಿಲ್ಲ. ನಡುನಡುವೆ ನಿಂತು ಉಸಿರು ತೆಗೆದುಕೊಳ್ಳುತ್ತಿದ್ದ. ನನ್ನ ಹೆಗಲ ಚೀಲವನ್ನು ಹಟ ಮಾಡಿ ತಾನೇ ಹಿಡಿದಿದ್ದ. ಒಳಗೆ ಸ್ಕ್ರೂಡ್ರೈವರ್, ಮೀಟರ್ ಖಣಖಣ ಎನ್ನುತ್ತಿದ್ದವು. ಅದೇನು ಎಂದು ಅವನು ಕೇಳಲಿಲ್ಲ. ಯಾಕೆ ಕೇಳಲಿಲ್ಲ?

ಬಸ್ಸು ಹೊರಟಾಗ ಕಿಟಕಿ ಹತ್ತಿರ ಬಂದು ಚೀಲ ಕೊಟ್ಟು ನಕ್ಕ. "ಮುಂದಿನ ತಿಂಗಳ ಮತ್ತ ಬಾರಲೇ. ಕೊಡಾಕ ಇನ್ನೇನೂ ಉಳಿದಿಲ್ಲ ನೋಡು, ಹಂಗ ಬಾ."

ಆ ಮುಂದಿನ ತಿಂಗಳು ಬಂದೂ ಹೋಯಿತು. ಗದಗದಿಂದ ಲಕ್ಷ್ಮೇಶ್ವರಕ್ಕೆ ಬಸ್ಸುಗಳಿಗೇನೂ ಕೊರತೆಯಿಲ್ಲ. ಮತ್ತೆ ನಾನೇಕೆ ಇನ್ನೂ ಹೋಗಿಲ್ಲ?