ಮಲಪ್ರಭೆಯ ಹಿನ್ನೀರಿನಲ್ಲಿ ಕಡಲಿನ ಬಲೆ

ಗೋವಾದಿಂದ ನಮ್ಮ ಜೀಪು ಬೆಳಗಿನ ಜಾವ ಜಡಿಮಳೆಯಲ್ಲೇ ಹೊರಟಿತು. ತೊಂಬತ್ತರ ದಶಕದ ಕೊನೆಯ ಆ ಆಷಾಢದಲ್ಲಿ ಸಮುದ್ರ ಸಣ್ಣ ದೋಣಿಗಳನ್ನು ಹತ್ತಿರ ಸೇರಿಸುತ್ತಿರಲಿಲ್ಲ. ಹಾಗಾಗಿ ಕಡಲಿನ ಬಲೆಯನ್ನು ಪರೀಕ್ಷಿಸಲು ನಾನು ತವರಿನ ಕಡೆಗೇ ಹೊರಟಿದ್ದೆ. ನನ್ನೂರು ಬೈಲಹೊಂಗಲ. ಜೊತೆಗಿದ್ದವರು ನಮ್ಮ ಸಂಶೋಧನಾ ಕೇಂದ್ರದ ಮುಖ್ಯಸ್ಥರು, ರಾಮದುರ್ಗದ ಪಾಟೀಲ ಸರ್.

ಹಲವು ದೇಶಗಳ ಹಡಗುಗಳು ಕಡಲಿನ ಶಾಖ, ಉಪ್ಪು ಅಳೆದು ಲೆಕ್ಕ ಕೂಡಿಸುವ ಕೆಲಸದಲ್ಲಿ ನಮ್ಮ ಹಡಗೂ ಸೇರಿತ್ತು. ಅದರಲ್ಲಿ ಪ್ಲವಕಗಳನ್ನೂ, ಅಂದರೆ ನೀರಲ್ಲಿ ತೇಲುವ, ಮೀನುಗಳಿಗೆ ಊಟವಾಗುವ ಅತಿ ಸಣ್ಣ ಜೀವಿಗಳನ್ನೂ, ಸೇರಿಸಬೇಕೆಂಬುದು ನನ್ನ ಹಟ. ಸೇರಿದರೆ ನನಗೂ ಹಡಗಿನಲ್ಲಿ ಜಾಗ, ಇಲ್ಲವಾದರೆ ದಂಡೆಯೇ ಗತಿ.

ಕಿತ್ತೂರಿನಲ್ಲಿ ಹೆದ್ದಾರಿ ಬದಿ ಬಿಸಿ ಮಿರ್ಚಿ, ಎರಡು ರೂಪಾಯಿಯ ಚಹಾ. ನಾನು ಮತ್ತೆ ಶುರು ಮಾಡಿದೆ. "ಸರ್, ಬರೇ ಶಾಖ ಅಳದ್ರ ಒಲಿ ಮುಟ್ಟಿ ನೋಡಿಧಂಗ. ಬುಟ್ಟ್ಯಾಗ ರೊಟ್ಟಿ ಎಷ್ಟ ಅದಾವ ನೋಡೂದು ಬ್ಯಾಡೇನ್ರಿ?"

"ಖರೇ ಐತಿ. ಆದ್ರ ಬಲಿ ಇಳಸಾಕ ಹಡಗ ಸಾರಿ ಸಾರಿ ನಿಲ್ಲಸಬೇಕು. ಕ್ಯಾಪ್ಟನ್ ಒಪ್ಪೂದಿಲ್ಲ. ಎಷ್ಟ ಹೊತ್ತ ಹಿಡೀತೈತಿ ನೋಡಿ, ಸಂಜೀಕ ಹಡಗಿನವರಿಗೆ ಫೋನ್ ಮಾಡಿ ಹೇಳತೇನಿ."

ಬೈಲಹೊಂಗಲ ದಾಟಿದ ಮೇಲೆ ಎರೆಮಣ್ಣು ಚಕ್ರಕ್ಕೆ ಮೆತ್ತಿಕೊಂಡಿತು. ಮಧ್ಯಾಹ್ನ ಮುನವಳ್ಳಿ ಬಳಿಯ ಹಿನ್ನೀರಿನಲ್ಲಿ ಬಾಡಿಗೆ ದೋಣಿ ಹತ್ತಿ ಬಲೆ ಎಳೆದೆವು. ಗಾಳಿಗೆ ದೋಣಿ ತಿರುಗಿತು, ಹಗ್ಗ ಗಂಟುಬಿತ್ತು. ಸರ್ ಗಡಿಯಾರ ನೋಡುತ್ತಲೇ ಇದ್ದರು, ನನಗೆ ಅಳುವೇ ಬಂತು. ಕೊನೆಗೆ ಒಂದು ಕ್ಯಾನು ಹಸಿರು ನೀರು ಸಿಕ್ಕಿತು.

ಅದನ್ನು ಹೊತ್ತು ಮುನವಳ್ಳಿಯೊಳಗಿನ ಚಿಗವ್ವನ, ಅಂದರೆ ನಮ್ಮವ್ವನ ತಂಗಿಯ, ಮನೆಗೆ ಹೋದೆವು. ಸೂಕ್ಷ್ಮದರ್ಶಕ ಇಳಿಸಿ, ಕೈಕಾಲು ತೊಳೆದು ಬರುವಷ್ಟರಲ್ಲಿ ಕ್ಯಾನು ಖಾಲಿಯಾಗಿತ್ತು.

"ಚಿಗವ್ವ, ನೀರೆಲ್ಲಿ?"

"ಸೋಸಿ ಕೊಡಕ್ಕ ಹಾಕೇನಿ. ಸೋಸದ ನೀರ ನಮ್ಮ ಮನ್ಯಾಗ ಎಂದರ ಇಟ್ಟೇವೇನವಾ? ಭಾಳ ಹಸರ ಇತ್ತು, ಬಟ್ಟೀ ನಾಕ ಪದರ ಮಾಡಿ ಕಟ್ಟೇನಿ."

ನಾನು ಕೊಡದ ಕಡೆ ಓಡಿದೆ. ಕೊಡದ ಬಾಯಿಗೆ ಕಟ್ಟಿದ ಬಿಳಿ ಬಟ್ಟೆ ಹಸಿರಾಗಿತ್ತು. ಅದನ್ನು ಬಿಚ್ಚಿ, ತಿರುವಿ, ತಂಬಿಗೆ ನೀರು ಬಿಟ್ಟು ತಾಟಿನಲ್ಲಿ ಹಿಡಿದೆ. ಒಂದು ಹನಿ ತೆಗೆದು ನೋಡಿದರೆ ಜೀವಿಗಳೆಲ್ಲ ಅಲ್ಲೇ ಇದ್ದವು, ಪುಟಿಯುತ್ತಿದ್ದವು. ಆಗಲೇ ಹೊಳೆಯಿತು. ಸರ್ ಕಡೆ ತಿರುಗಿದೆ.

"ಸರ್, ಶಾಖ ಅಳ್ಯಾಕ ಹಡಗ ಓಡೂವಾಗನ ಪೈಪಿನ್ಯಾಗ ಸಮುದ್ರದ ನೀರ ಬರತೈತೆಲ್ರಿ? ಅದನ್ನ ಹೊರಗ ಚೆಲ್ಲೂ ಪೈಪಿನ ಬಾಯಿಗೆ ಬಲಿ ಕಟ್ಟಿದ್ರ?"

ಸರ್ ಕೊಡವನ್ನು ನೋಡಿದರು, ಬಟ್ಟೆಯನ್ನು ನೋಡಿದರು. "ಅಕ್ಕಾರ, ಆ ಬಟ್ಟೀ ಇನ್ನೊಮ್ಮೆ ಕಟ್ಟ್ರಿ," ಎಂದವರೇ ತಾಟಿನ ನೀರನ್ನು ತಾವೇ ಸುರಿದು ಪರೀಕ್ಷಿಸಿದರು. ಚಿಗವ್ವ ಸಾಹೇಬರ ಕೈಯಲ್ಲಿ ನೀರು ಸೋಸಿಸುವುದೇ ಎಂದು ಸಂಕೋಚಪಟ್ಟಳು.

ಸಂಜೆ ಸವದತ್ತಿಯಲ್ಲಿ ಜೀಪು ನಿಂತಿತು. ಎಸ್‌ಟಿಡಿ ಬೂತಿನ ಗಾಜಿನಾಚೆ ಸರ್ ಕೈ ಆಡಿಸುತ್ತ ಬಹಳ ಹೊತ್ತು ಮಾತಾಡಿದರು. ನಾನು ಮಳೆಯಲ್ಲೇ ನಿಂತಿದ್ದೆ. ಅವರು ಹೊರಬಂದು ಛತ್ರಿ ಬಿಚ್ಚಿದರು.

"ಹಡಗ ಎಲ್ಲೂ ನಿಲ್ಲೂದಿಲ್ಲ. ಬಲಿ ಕಟ್ಟಾಕ ನೀವೂ ಅದನ್ನ ಹತ್ರಿ."